ಅವ್ವನ ಫ್ರೀ ಸೀಟು, ನನ್ನ ಫ್ರೀ ಸೀಟು

ಈ ಕಡೆ ತಲೆ ಹಾಕದೆ ಬಹಳ ದಿನ ಆಗಿತ್ತು. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೇ. ಆದರೆ ಈ ಸಲ ಊರಿಂದ ಬಂದ ಮೇಲೆ ಒಂದು ಪುಟ್ಟ ಇಂಗ್ಲಿಷ್ ಪದ ತಲೆಯೊಳಗೆ ಹೊಕ್ಕು ಕೂತಿದೆ. ಬರೆದು ಇಳಿಸದಿದ್ದರೆ ನಿದ್ದೆ ಬರಲ್ಲ ಅನ್ನಿಸ್ತು. ಆ ಪದ 'ಫ್ರೀ'. ಕನ್ನಡದಲ್ಲಿ ಬರೆದರೆ ಒಂದೇ ಒಂದು ಅಕ್ಷರ. ಅದರ ಮೇಲೆ ಇಷ್ಟುದ್ದ ಯಾಕೆ ಕೊರೀತಾನೆ ಇವನು ಅಂತ ಅನ್ನಿಸಿದರೆ ಸ್ವಲ್ಪ ತಾಳಿ, ಹೇಳ್ತೀನಿ.

ನಮ್ಮೂರು ಮಂಠಾಳ. ಬೀದರ ಜಿಲ್ಲೆ, ಬಸವಕಲ್ಯಾಣ ತಾಲೂಕು. ಬೆಂಗಳೂರಿನಲ್ಲಿ ಯಾರಿಗಾದರೂ ಹೇಳಿದರೆ "ಮಂಡ್ಯ ಹತ್ತಿರಾನಾ?" ಅಂತ ಕೇಳ್ತಾರೆ :) ಎಳ್ಳಮಾಸಿಗೆ ಹೋಗಿದ್ದೆ. ಎಳ್ಳ ಅಮಾವಾಸ್ಯೆ ಅಂದರೆ ನಮ್ಮ ಕಡೆ ದೀಪಾವಳಿಗಿಂತ ದೊಡ್ಡದು. ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಉಂಡು ಸಂಜೆ ಮನೆಗೆ ಬಂದಿದ್ವಿ. ಅಡಿಕೆ ಬೇಕಾಗಿ ಅವ್ವನ ಎಲಿ-ಅಡಕಿ ಸಂಚಿಗೆ ಕೈ ಹಾಕಿದೆ. ಅಡಿಕೆ ಜೊತೆ ಕೈಗೆ ಬಂದದ್ದು ಮಡಚಿಟ್ಟ ಬಸ್ ಟಿಕೇಟುಗಳು, ಹದಿನೈದಿಪ್ಪತ್ತು ಇರಬಹುದು. ಬಸವಕಲ್ಯಾಣದಿಂದ ಮಂಠಾಳ, ಮಂಠಾಳದಿಂದ ಬಸವಕಲ್ಯಾಣ. ಎಲ್ಲವೂ ದುಡ್ಡು ಕೊಟ್ಟು ತಗೊಂಡ ಟಿಕೇಟು. ಶೂನ್ಯ ಟಿಕೇಟು ಒಂದೂ ಇಲ್ಲ.

ನನಗೆ ಆಶ್ಚರ್ಯ. 2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸರಕಾರಿ ಸಾಮಾನ್ಯ ಬಸ್ಸಲ್ಲಿ, ಎಕ್ಸ್‌ಪ್ರೆಸ್ ಬಸ್ಸಲ್ಲಿ ಟಿಕೇಟಿಗೆ ರೊಕ್ಕ ಇಲ್ಲ. ಅವ್ವ ಬಿಪಿ ಗುಳಿಗೆಗೆ, ಬ್ಯಾಂಕಿಗೆ, ತಂಗಿ ಮನೆಗೆ ಅಂತ ಬಸವಕಲ್ಯಾಣಕ್ಕೆ ಓಡಾಡ್ತಾನೇ ಇರ್ತಾಳೆ. ಆಧಾರ್ ಕಾರ್ಡೂ ಇದೆ. ಮತ್ತೆ ಇದೇನು?

"ಅವ್ವಾ, ಟಿಕೇಟ್ ಯಾಕ ತಗೋಳ್ಳತ್ತಿ? ಆಧಾರ್ ಕಾರ್ಡ್ ಕಳಕೊಂಡೇನು?"

"ಇಲ್ಲ ತಮ್ಮಾ, ಅದ. ತೋರಿಸಲ್ಲ."

"ಯಾಕ?"

ಮೊದಲು ಹೇಳಲಿಲ್ಲ. ಆಮೇಲೆ ನಾಲ್ಕು ಸಲ ಕೇಳಿದ ಮೇಲೆ ಹೇಳಿದಳು. ಒಂದು ದಿನ ಬಸ್ ತುಂಬಿತ್ತಂತೆ. ಅವ್ವನಿಗೆ ಸೀಟು ಸಿಕ್ಕಿತ್ತು. ಇಸ್ತ್ರಿ ಅಂಗಿ ಹಾಕಿಕೊಂಡ ಒಬ್ಬ ಸಾಹೇಬ ಪಕ್ಕದಲ್ಲಿ ನಿಂತಿದ್ದನಂತೆ. ಸುಮ್ಮನೆ ನಿಂತಿದ್ದರೆ ಏನಿರಲಿಲ್ಲ. ಇಡೀ ಬಸ್ಸಿಗೆ ಕೇಳೋ ಹಾಗೆ ಅಂದನಂತೆ: "ರೊಕ್ಕ ಕೊಟ್ಟವ್ರು ನಿಂತೀವಿ, ಫ್ರೀ ಮಂದಿ ಆರಾಮ ಕುಂತಾರ ನೋಡ್ರಿ." ನಾಲ್ಕು ಜನ ನಕ್ಕರಂತೆ. ಅವ್ವ ಎದ್ದು ನಿಂತಳಂತೆ. ಅವನು ಕೂತ. ಮಂಠಾಳ ಬರೋವರೆಗೂ ಕೂತಿದ್ದ.

ಅವತ್ತಿಂದ ಅವ್ವ ಆಧಾರ್ ಕಾರ್ಡನ್ನು ಚೀಲದ ತಳಕ್ಕೆ ಸೇರಿಸಿ, "ಮನ್ಯಾಗ ಬಿಟ್ಟು ಬಂದೀನಿ" ಅಂತ ಸುಳ್ಳು ಹೇಳಿ ಟಿಕೇಟ್ ತಗೊಳ್ತಾಳೆ. ಪಾಪ, ಕಂಡಕ್ಟರ್ ಒಳ್ಳೆಯವನು. "ಯವ್ವಾ, ದಿನಾ ಮರೀತಿಯಲ್ಲ, ನಾಳಿಗೆ ನೆನಪಿಲೆ ತಗೊಂಬಾ" ಅಂತಾನಂತೆ. ಟಿಕೇಟುಗಳನ್ನ ಯಾಕೆ ಇಟ್ಟುಕೊಂಡಿದ್ದಾಳೆ ಅಂದರೆ, ಮತ್ತೆ ಯಾರಾದರೂ ಹಾಗಂದರೆ ತೋರಿಸೋಕೆ!

ಒಂದು ಮಾತು ಒಪ್ಪಿಕೊಂಡುಬಿಡ್ತೀನಿ. ಆ ಇಸ್ತ್ರಿ ಅಂಗಿಯವನನ್ನು ಬೈಯೋ ಯೋಗ್ಯತೆ ನನಗೂ ಪೂರ್ತಿ ಇಲ್ಲ. 2023ರಲ್ಲಿ ಹೆಂಗಸರು ಬಸ್ಸಿನ ಕಿಟಕಿಯಲ್ಲಿ ತೂರಿ ಹತ್ತೋ ವಿಡಿಯೋಗಳನ್ನು ವಾಟ್ಸಾಪಿನಲ್ಲಿ ನಾನೂ ಫಾರ್ವರ್ಡ್ ಮಾಡಿದ್ದೆ, ಕೆಳಗೆ 'ಬಿಟ್ಟಿ ಭಾಗ್ಯ' ಅಂತ ಬರೆದು. ನಗುವ ಚಿಹ್ನೆ ಬೇರೆ. ಆ ಪದ ಬೆಂಗಳೂರಿಂದ ಹೊರಟು ಮಂಠಾಳದ ಬಸ್ ಹತ್ತಿ ನಮ್ಮವ್ವನನ್ನೇ ಎಬ್ಬಿಸುತ್ತೆ ಅಂತ ಅವತ್ತು ಹೊಳೆದಿರಲಿಲ್ಲ.

* * *

ಈಗ ಈ ಪದದ ಅವತಾರಗಳನ್ನು ಸ್ವಲ್ಪ ನೋಡೋಣ.

"ಫ್ರೀ ಇದ್ದೀಯಾ?" ಅಂದರೆ ಬಿಡುವು, ಪುರುಸೊತ್ತು. "ಫ್ರೀಯಾಗಿ ಮಾತಾಡು" ಅಂದರೆ ಸಂಕೋಚ ಬಿಟ್ಟು. "ಸೀಟ್ ಫ್ರೀ ಇದೆಯಾ?" ಅಂದರೆ ಖಾಲಿ. ಡಾಕ್ಟರು "ಮೋಷನ್ ಫ್ರೀ ಆಗುತ್ತಾ?" ಅಂತ ಕೇಳಿದರೆ ಸಲೀಸು. "ಫ್ರೀ ಬಿಟ್ಟಿದ್ದಕ್ಕೆ ಹುಡುಗ ಹಾಳಾದ" ಅಂದರೆ ಹೇಳೋರು ಕೇಳೋರು ಇಲ್ಲದ್ದು. "ಶುಗರ್ ಫ್ರೀ" ಅಂದರೆ ಇಲ್ಲದ್ದು. ನಮ್ಮ ಮುತ್ಯಾ ಒಮ್ಮೆ ಆ ಡಬ್ಬಿ ನೋಡಿ "ಇದರ ಜೋಡಿ ಸಕ್ರಿ ಪುಕಟ್ ಕೊಡ್ತಾರೇನು?" ಅಂತ ಕೇಳಿದ್ದ. ಹ್ಹ ಹ್ಹ. ತಪ್ಪೇನು ಕೇಳಿದ? ಸಾಬೂನು ತಗೊಂಡರೆ ಬಾಚಣಿಕೆ ಫ್ರೀ ಅಂದ ಮೇಲೆ ಡಬ್ಬಿ ತಗೊಂಡರೆ ಸಕ್ಕರೆ ಫ್ರೀ ಯಾಕಾಗಬಾರದು?

ಇಂಗ್ಲಿಷಿನವರಿಗೇ ಇದು ತಲೆನೋವು. ಸ್ವಾತಂತ್ರ್ಯಕ್ಕೂ ಫ್ರೀ, ದುಡ್ಡಿಲ್ಲದ್ದಕ್ಕೂ ಫ್ರೀ. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆ ಘೋಷಿಸಿದಾಗಿನಿಂದ ಅವರ ಬಳಗದವರು ವಿವರಿಸ್ತಾನೇ ಇದ್ದಾರೆ: ನಮ್ಮ ಫ್ರೀ ಸಾಫ್ಟ್‌ವೇರ್ ಅಂದರೆ ಮಾತಾಡೋ ಸ್ವಾತಂತ್ರ್ಯದ ಫ್ರೀ, ಪುಕ್ಕಟೆ ಬಿಯರಿನ ಫ್ರೀ ಅಲ್ಲ ಅಂತ. ಕನ್ನಡದಲ್ಲಿ ಆ ತೊಂದರೆ ಇಲ್ಲ. ನಾವು 'ಮುಕ್ತ ತಂತ್ರಾಂಶ', 'ಸ್ವತಂತ್ರ ತಂತ್ರಾಂಶ' ಅಂದು ಸಲೀಸಾಗಿ ದಾಟಿಕೊಂಡ್ವಿ. ಸ್ವತಂತ್ರ ಬೇರೆ, ಮುಕ್ತ ಬೇರೆ, ಖಾಲಿ ಬೇರೆ, ಬಿಡುವು ಬೇರೆ, ಸಲೀಸು ಬೇರೆ, ಪುಕ್ಕಟೆ ಬೇರೆ. ನಮ್ಮ ಗಡಿಭಾಗಕ್ಕೆ ಬಂದರೆ ಇನ್ನೂ ಶ್ರೀಮಂತರು. ಮರಾಠಿಯ ಫುಕಟ್ ಮತ್ತು ಮೋಕಳಾ, ಉರ್ದುವಿನ ಮುಫ್ತ್, ಫುರ್ಸತ್... ಕೈ ಹಾಕಿದಷ್ಟು ಸಿಗುತ್ತೆ. ಇಷ್ಟು ಪದ ಇಟ್ಟುಕೊಂಡ ನಾವು ಬಸ್ಸಲ್ಲಿ ಮಾತ್ರ ಒಂದೇ ಪದಕ್ಕೆ ಜೋತುಬಿದ್ದೆವು. ಅದೂ ಮನುಷ್ಯರಿಗೆ ಅಂಟಿಸೋಕೆ: "ಫ್ರೀ ಮಂದಿ".

ನನ್ನ ತಕರಾರು ಇಲ್ಲಿಂದ ಶುರು. ಟಿಕೇಟು ಫ್ರೀ ಅನ್ನಿ, ಸರಿ. ಪ್ರಯಾಣ ಫ್ರೀ ಅನ್ನಿ, ಒಪ್ಪುತ್ತೀನಿ. ಕೂತಿರೋ ಹೆಂಗಸು ಫ್ರೀ ಹೇಗಾಗ್ತಾಳೆ?

* * *

ಅವ್ವ ಆ ಸಂಜೆ ಇನ್ನೊಂದು ಮಾತು ಹೇಳಿದಳು. ಅದೇ ನನ್ನ ನಿದ್ದೆಗೆಡಿಸಿದ್ದು.

"ಅಲ್ಲೋ ತಮ್ಮಾ, ನಿನಗ ಇಂಜಿನೀರಿಂಗ್ ಫ್ರೀ ಸೀಟ್ ಸಿಕ್ಕಾಗ ಓಣಿಗೆಲ್ಲ ಪೇಢೆ ಹಂಚೀದೆ. ನಿಮ್ಮಪ್ಪ ಎಲ್ಲಾರಿಗೂ 'ನನ್ನ ಮಗಗ ಫ್ರೀ ಸೀಟ್ ಸಿಕ್ಕದ' ಅಂತ ಹೇಳಿಕೋತ ತಿರುಗಿದ. ಅವತ್ತು ಯಾರೂ ನಗಲಿಲ್ಲ. ನನಗ ಬಸ್ಸಿನಾಗ ಒಂದು ಫ್ರೀ ಸೀಟ್ ಸಿಕ್ಕರ ಯಾಕ ನಗ್ತಾರ?"

ಏನು ಉತ್ತರ ಕೊಡೋದು ಹೇಳಿ.

ನನ್ನ ವಾರಿಗೆಯ ಬ್ಲಾಗಿಗರಿಗೆ ನೆನಪಿರುತ್ತೆ. ಸಿಇಟಿ ಬರೆದ ಕಾಲದಲ್ಲಿ ಎರಡು ಥರದ ಸೀಟು: ಫ್ರೀ ಸೀಟು, ಪೇಮೆಂಟ್ ಸೀಟು. 1993ರಲ್ಲಿ ಸುಪ್ರೀಂ ಕೋರ್ಟಿನ ಉನ್ನಿಕೃಷ್ಣನ್ ತೀರ್ಪು ಬಂದಾಗ ಖಾಸಗಿ ಕಾಲೇಜುಗಳ ಅರ್ಧ ಸೀಟು ಫ್ರೀ, ಅರ್ಧ ಪೇಮೆಂಟ್ ಅನ್ನೋ ಯೋಜನೆ ಬಂತು. ನಮ್ಮಲ್ಲಿ ಸಿಇಟಿ ಶುರುವಾದದ್ದು 1994ರಲ್ಲಿ. 2002ರ ಟಿ.ಎಂ.ಎ. ಪೈ ತೀರ್ಪಿನಲ್ಲಿ ಆ ಯೋಜನೆ ಬಿದ್ದುಹೋಯಿತು. ನಡುವಿನ ಆ ವರ್ಷಗಳಲ್ಲಿ ಓದಿದವರಲ್ಲಿ ಎಷ್ಟೋ ಜನ ಇವತ್ತು ಬೆಂಗಳೂರಲ್ಲಿ, ಅಮೆರಿಕದಲ್ಲಿ ಇದ್ದೀವಿ. ಒಳ್ಳೆಯ ಸಂಬಳ, ಫ್ಲಾಟು, ಕಾರು.

ಆ ಫ್ರೀ ಸೀಟಿನ ಖರ್ಚು ಯಾರು ಕೊಟ್ಟರು? ಪೇಮೆಂಟ್ ಸೀಟಿನವರ ಫೀಸಿನಿಂದಲೇ ಫ್ರೀ ಸೀಟಿನವರ ಹೊರೆ ತುಂಬಲಿ ಅನ್ನೋದೇ ಆ ಯೋಜನೆಯ ಲೆಕ್ಕ. ಅಂದರೆ ನಾಲ್ಕು ವರ್ಷ ನಾನು ಕೂತ ಬೆಂಚಿಗೆ ಇನ್ಯಾರದೋ ಅಪ್ಪ ದುಡ್ಡು ಕಟ್ಟಿದ. ನನ್ನ ಕ್ಲಾಸಿನ ಯಾವ ಪೇಮೆಂಟ್ ಸೀಟಿನ ಗೆಳೆಯನೂ "ರೊಕ್ಕ ಕೊಟ್ಟವ್ರು ಹಿಂದಿನ ಬೆಂಚಿನಾಗ, ಫ್ರೀ ಮಂದಿ ಮುಂದಿನ ಬೆಂಚಿನಾಗ" ಅಂತ ನನ್ನನ್ನು ಎಬ್ಬಿಸಲಿಲ್ಲ. ಉಲ್ಟಾ, ಅವನೇ ಪೇಮೆಂಟ್ ಸೀಟು ಅಂತ ಹೇಳಿಕೊಳ್ಳೋಕೆ ನಾಚುತ್ತಿದ್ದ.

"ಅದು ಮೆರಿಟ್ ಕಣಯ್ಯಾ, ಓದಿ ಗಳಿಸಿದ್ದು" ಅಂತೀರಿ. ಇರಲಿ. ನಮ್ಮವ್ವನ ಮೆರಿಟ್ ಲೆಕ್ಕ ಹಾಕೋಣ. ನಾನು ಎರಡನೇ ವರ್ಷದಲ್ಲಿದ್ದಾಗ ನಮ್ಮ ಕಡೆ ಶಾಲೆಗಳಲ್ಲಿ ಬಿಸಿಯೂಟ ಶುರುವಾಯ್ತು. 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಶಾಲೆಯಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕು ಅಂತ ಆದೇಶ ಕೊಟ್ಟಿತ್ತು. ಕರ್ನಾಟಕದಲ್ಲಿ 2002-03ರಲ್ಲಿ ಮೊದಲು ಈಶಾನ್ಯದ ಏಳು ಜಿಲ್ಲೆಗಳಲ್ಲಿ ಶುರು ಮಾಡಿದರು, ಅದರಲ್ಲಿ ನಮ್ಮ ಬೀದರವೂ ಒಂದು. ಅವ್ವ ಅಡುಗೆಗೆ ಸೇರಿದಳು. ಹೊಗೆಯಲ್ಲಿ ನಿಂತು ಊರಿನ ಮಕ್ಕಳಿಗೆ ವರ್ಷಗಟ್ಟಲೆ ಅನ್ನ ಬೇಯಿಸಿದಳು. ಅದಕ್ಕೆ ಕೊಡೋದು ಸಂಬಳ ಅಲ್ಲ, 'ಗೌರವಧನ'. ಕೇಂದ್ರದ ಲೆಕ್ಕದಲ್ಲಿ 2009ರಿಂದ ಅದು ತಿಂಗಳಿಗೆ 1000 ರೂಪಾಯಿ, ಅದೂ ವರ್ಷದಲ್ಲಿ ಹತ್ತು ತಿಂಗಳಿಗೆ. ಮೇಲಿನದ್ದು ರಾಜ್ಯಗಳು ಸೇರಿಸಿ ಕೊಡಬೇಕು. ವಯಸ್ಸಾದ ಮೇಲೆ ಪಿಂಚಣಿ ಇಲ್ಲದೆ ಮನೆಗೆ ಬಂದಳು. ಈಗ ಹೇಳಿ, ಅವ್ವ ಫ್ರೀ ತಗೊಂಡದ್ದು ಜಾಸ್ತಿಯೋ, ಫ್ರೀ ಕೊಟ್ಟದ್ದು ಜಾಸ್ತಿಯೋ?

* * *

ಈಗ ನಾನೇ ಬಳಸಿದ್ದ ಆ ಇನ್ನೊಂದು ಪದಕ್ಕೆ ಬರ್ತೀನಿ. ಬಿಟ್ಟಿ.

ನಾವೆಲ್ಲ ಫಾರ್ವರ್ಡ್ ಮಾಡೋ ಮೊದಲು ನಿಘಂಟು ತೆಗೆದು ನೋಡಬೇಕಿತ್ತು. ಬಿಟ್ಟಿ ಅನ್ನೋದು ಸಂಸ್ಕೃತದ ವಿಷ್ಟಿಯ ತದ್ಭವ. ವಿಷ್ಟಿ ಅಂದರೆ ಕೂಲಿ ಕೊಡದೆ ಮಾಡಿಸೋ ದುಡಿಮೆ. ನಮ್ಮ ಶಾಸನಗಳಲ್ಲಿ ತೆರಿಗೆಗಳ ಸಾಲಿನಲ್ಲೇ ಬಿಟ್ಟಿ ಬರುತ್ತೆ. ಅರಸನಿಗೆ, ಗೌಡನಿಗೆ, ಅಧಿಕಾರಿಗೆ ಬಡವರು ಪುಕ್ಕಟೆ ಮಾಡಬೇಕಾದ ಕೆಲಸ ಅದು. ತೆಲುಗಿನ ವೆಟ್ಟಿಯೂ ಇದೇ. ನಿಜಾಮನ ರಾಜ್ಯದಲ್ಲಿ ವೆಟ್ಟಿ, ಬೇಗಾರಿ ಅಂತ ಎಷ್ಟು ತಲೆಮಾರು ಸವೆದುಹೋದವು ಅಂತ ನಮ್ಮ ಕಡೆಯ ಹಿರಿಯರನ್ನು ಕೇಳಿ. ಜೀತ ಪದ್ಧತಿ ರದ್ದತಿ ಕಾಯ್ದೆ ಬಂದದ್ದೇ 1976ರಲ್ಲಿ.

ಅಂದರೆ ಬಿಟ್ಟಿ ಅನ್ನೋದು ಬಡವರು ತಗೊಂಡದ್ದರ ಹೆಸರಲ್ಲ, ಬಡವರಿಂದ ಕಿತ್ತುಕೊಂಡದ್ದರ ಹೆಸರು. ನೂರಾರು ವರ್ಷ ಬಿಟ್ಟಿ ಮಾಡಿದವರ ಮೊಮ್ಮಕ್ಕಳಿಗೆ ಇವತ್ತು ಒಂದು ಬಸ್ ಟಿಕೇಟು ಸಿಕ್ಕರೆ ಅದೇ ಪದ ಎತ್ತಿ ಮುಖಕ್ಕೆ ಹೊಡೀತೀವಿ. ಇದಕ್ಕಿಂತ ಅನ್ಯಾಯ ಒಂದು ಪದಕ್ಕೆ ಮಾಡೋಕೆ ಸಾಧ್ಯವಾ?

ಅದೇ ಶಾಸನಗಳಲ್ಲಿ ಇನ್ನೊಂದು ಮಾತೂ ಇದೆ. ದೊಡ್ಡವರಿಗೆ, ದೇವಸ್ಥಾನಕ್ಕೆ, ಅಗ್ರಹಾರಕ್ಕೆ ತೆರಿಗೆ ಇಲ್ಲದೆ ಭೂಮಿ ಕೊಟ್ಟರೆ ಅದು ಬಿಟ್ಟಿ ಅಲ್ಲ. ಅದು 'ಸರ್ವನಮಸ್ಯ', 'ಸರ್ವಬಾಧಾಪರಿಹಾರ', 'ಮಾನ್ಯ'. ಎಲ್ಲರೂ ನಮಸ್ಕಾರ ಮಾಡಬೇಕಾದ ಫ್ರೀ! ನಿಜಾಮನ ಕಾಲಕ್ಕೆ ಅದು ಇನಾಮು, ಜಾಗೀರು ಆಯ್ತು. ಕಲ್ಯಾಣವೇ ಒಂದು ಜಾಗೀರಾಗಿತ್ತು. ಹೈದರಾಬಾದ್ ರಾಜ್ಯದಲ್ಲಿ ಜಾಗೀರು ರದ್ದಾದದ್ದು 1949ರಲ್ಲಿ.

ಹಳೇ ಕಥೆ ಬಿಡಿ. ಹುಮನಾಬಾದಿನ ಮೇಲೆ ಹಾದುಹೋಗುವ ಪುಣೆ-ಹೈದರಾಬಾದ್ ಹೆದ್ದಾರಿ ಇದೆಯಲ್ಲ, ಹಳೇ 9, ಈಗಿನ 65. ಅಂಥ ಹೆದ್ದಾರಿಯ ಟೋಲ್ ಗೇಟಿನಲ್ಲಿ ದೊಡ್ಡ ಬೋರ್ಡು ಇರುತ್ತೆ, ಓದಿದ್ದೀರಾ? ಟೋಲ್ ಕೊಡಬೇಕಾಗಿಲ್ಲದವರ ಪಟ್ಟಿ. ರಾಷ್ಟ್ರಪತಿಯಿಂದ ಹಿಡಿದು ಸಂಸದರು, ಶಾಸಕರವರೆಗೆ. ಅಲ್ಲಿ 'ಫ್ರೀ ಮಂದಿ' ಅಂತ ಬರೆದಿಲ್ಲ. 'ವಿನಾಯಿತಿ' ಅಂತಿದೆ. ಮಾಜಿ ಸಂಸದರು ರೈಲಿನಲ್ಲಿ ದುಡ್ಡಿಲ್ಲದೆ ಓಡಾಡಿದರೆ ಅದು 'ಸೌಲಭ್ಯ'. 2019ರ ಸೆಪ್ಟೆಂಬರಿನಲ್ಲಿ ಕಂಪನಿಗಳ ತೆರಿಗೆ ದರವನ್ನು 30ರಿಂದ 22 ಪರ್ಸೆಂಟಿಗೆ ಇಳಿಸಿದರು, ಅದು 'ಉತ್ತೇಜನ'. ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪಿಗೆ ಕರೆಂಟು ದುಡ್ಡಿಲ್ಲದೆ ಬರುತ್ತೆ. ಬರಲಿ, ರೈತನಿಗೆ ಬೇಕು. ಆದರೆ ಯಾರಾದರೂ ಹೊಲಕ್ಕೆ ಹೋಗಿ ಗಂಡಸರನ್ನು 'ಫ್ರೀ ಮಂದಿ' ಅಂದದ್ದು ಕೇಳಿದ್ದೀರಾ?

ಮತ್ತೆ ನಾವು? 2016ರ ಸೆಪ್ಟೆಂಬರ್ 5ಕ್ಕೆ ಜಿಯೋ ಬಂದಾಗ 2017ರ ಮಾರ್ಚ್ 31ರವರೆಗೆ ಮಾತು, ಡೇಟಾ ಎಲ್ಲ ಪುಕ್ಕಟೆ. ಸಿಮ್ಮಿಗಾಗಿ ಅಂಗಡಿ ಮುಂದೆ ಸಾಲು ನಿಂತಿದ್ದು ನಾವೇ. ಆ ಸಾಲಿನ ವಿಡಿಯೋ ಹಾಕಿ ಯಾರೂ 'ಬಿಟ್ಟಿ ಭಾಗ್ಯ' ಅನ್ನಲಿಲ್ಲ. ಇನ್ನು ಈ ಬರಹ ನೀವು ಓದ್ತಿರೋ ಜಾಗಕ್ಕೂ ನಾನು ಒಂದು ಪೈಸೆ ಕೊಟ್ಟಿಲ್ಲ :) ಇಷ್ಟು ವರ್ಷ ಫ್ರೀ ಜಾಗದಲ್ಲಿ ಕೂತು ಫ್ರೀ ತಗೊಳ್ಳೋರನ್ನು ಬೈದಿದ್ದೀನಿ.

* * *

ಕನ್ನಡದ ಇನ್ನೊಂದು ಪದ ನೋಡಿ, 'ಉಚಿತ'. ಸಂಸ್ಕೃತದಲ್ಲಿ ಇದರ ಅರ್ಥ ಯೋಗ್ಯವಾದದ್ದು, ತಕ್ಕದ್ದು. ಔಚಿತ್ಯ, ಸಮುಚಿತ, ಅನುಚಿತ ಎಲ್ಲ ಅದೇ ಬಳಗ. ಕನ್ನಡದಲ್ಲಿ ಅದಕ್ಕೆ ದುಡ್ಡಿಲ್ಲದ್ದು ಅನ್ನೋ ಅರ್ಥವೂ ಅಂಟಿಕೊಂಡಿತು. ಹೇಗೆ ಅಂಟಿತೋ ಏನೋ, ಆದರೆ ನನಗೆ ಇದು ಇಷ್ಟ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಹೆಸರಿನಲ್ಲಿ 'ಉಚಿತ ಮತ್ತು ಕಡ್ಡಾಯ ಶಿಕ್ಷಣ' ಅಂತಿದೆಯಲ್ಲ, ಅಲ್ಲಿ ಎರಡೂ ಅರ್ಥ ಹೊಂದುತ್ತೆ. ಮಗುವಿಗೆ ದುಡ್ಡು ಕೇಳದೆ ಕಲಿಸೋದೇ ತಕ್ಕದ್ದು.

ಇಂಗ್ಲಿಷಿನ ಫ್ರೀಗೂ ಒಂದು ಹಿಂದಿನ ಜನ್ಮ ಇದೆ. ಭಾಷಾಶಾಸ್ತ್ರದವರ ಪ್ರಕಾರ ಅದರ ಮೂಲ ಧಾತುವಿನ ಅರ್ಥ ಪ್ರೀತಿಸು. ಇಂಗ್ಲಿಷಿನ ಫ್ರೆಂಡ್ ಅದೇ ಧಾತುವಿನದು. ನಮ್ಮ ಸಂಸ್ಕೃತದ 'ಪ್ರಿಯ' ಕೂಡ ಅದರ ಒಡಹುಟ್ಟು. ಹಿಂದೆ ಮನೆಯಲ್ಲಿ ಎರಡು ಥರದ ಜನ ಇರ್ತಿದ್ದರು, ಮನೆಯ ಪ್ರೀತಿಪಾತ್ರರು ಮತ್ತು ಆಳುಗಳು. ಆಳಲ್ಲದವನು, ನಮ್ಮವನು, ಅವನೇ ಫ್ರೀ. ದುಡ್ಡಿಲ್ಲದೆ ಸಿಗೋದು ಅನ್ನೋ ಅರ್ಥ ಬಹಳ ಆಮೇಲೆ ಬಂದದ್ದು.

ಮನೆಯವರಿಗೆ ಊಟ ಹಾಕಿ ಯಾರೂ ಬಿಲ್ ಕೊಡಲ್ಲ. ಎಳ್ಳಮಾಸಿ ದಿನ ನಮ್ಮ ಹೊಲಗಳ ಕಡೆ ಬಂದು ನೋಡಿ. ಗುರುತಿಲ್ಲದವರು ದಾರಿಯಲ್ಲಿ ಹೋಗ್ತಿದ್ದರೂ "ಬರ್ರೀ, ಉಂಡು ಹೋಗ್ರಿ" ಅಂತ ಕೈ ಹಿಡಿದು ಕೂರಿಸ್ತಾರೆ. ಅದನ್ನು ಫ್ರೀ ಊಟ ಅಂದರೆ ನಮ್ಮಪ್ಪ ಬಡಿಗೆ ತಗೋತಿದ್ದ.

ಇನ್ನು ಬಸವಕಲ್ಯಾಣದ ನೆಲದಲ್ಲೇ ಬೆಳೆದ ಪದ ಇದೆಯಲ್ಲ, ದಾಸೋಹ. ದಾಸೋಹಂ, ನಾನು ದಾಸ. ಇಲ್ಲಿ ತಗ್ಗಿ ನಿಲ್ಲೋದು ಯಾರು ಅಂತ ಗಮನಿಸಿ. ಕೊಡೋನು! ಉಣ್ಣೋನು ಅಲ್ಲ. 'ಫ್ರೀ' ಅನ್ನೋದನ್ನ ನಾವು ಬಳಸೋ ರೀತಿಯಲ್ಲಿ ತಗೊಳ್ಳೋನು ತಲೆ ತಗ್ಗಿಸಬೇಕು. ದಾಸೋಹದಲ್ಲಿ ಕೊಡೋನು ತಗ್ಗಿಸಬೇಕು. ಬಿಸಿಯೂಟಕ್ಕೆ 'ಅಕ್ಷರ ದಾಸೋಹ' ಅಂತ ಹೆಸರಿಟ್ಟವರು ಯಾರೋ ಪುಣ್ಯಾತ್ಮರು. 'ಫ್ರೀ ಊಟ' ಅಂತ ಇಟ್ಟಿದ್ದರೆ ಶಾಲೆಯಲ್ಲಿ ಫ್ರೀ ಮಕ್ಕಳು ಬೇರೆ, ಡಬ್ಬಿ ತರೋ ಮಕ್ಕಳು ಬೇರೆ ಆಗಿಬಿಡ್ತಿದ್ದರು.

"ಕಾಯಕವೇ ಕೈಲಾಸ ಅಂದ ಊರಿನವರು ನೀವು, ಪುಕ್ಕಟೆಗೆ ವಕಾಲತ್ತು ಮಾಡ್ತೀರಾ?" ಅಂತ ಯಾರಾದರೂ ಕೇಳೇ ಕೇಳ್ತೀರಿ. ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನೂ ಹೇಳ್ತೀರಿ. ಗಂಡ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ವಾಪಸು ಸುರಿದು ಬಾ ಅಂದವಳು ಆಕೆ. ಕಥೆ ನಿಜಕ್ಕೂ ದೊಡ್ಡದು. ಆದರೆ ಎರಡು ವಿಷಯ ಮರೀಬೇಡಿ. ಒಂದು, ಆ ಮಾತು ಹೇಳಿದ್ದು ಲಕ್ಕಮ್ಮ, ತನ್ನ ಮನೆಯವನಿಗೆ, ತನ್ನ ಸ್ವಾಭಿಮಾನಕ್ಕೆ. ಹೊಟ್ಟೆ ತುಂಬಿದ ಯಾರೋ ಬಂದು ಆಕೆಗೆ ಹೇಳಿದ್ದಲ್ಲ. ಎರಡು, ಆಕೆ ಬೇಡ ಅಂದದ್ದು ಹೆಚ್ಚಾದದ್ದನ್ನು, ಬೇಕಾದದ್ದನ್ನಲ್ಲ. ಕಲ್ಯಾಣದ ಅಂಗಡಿಗೆ, ಹುಮನಾಬಾದಿನ ಕೂಲಿಗೆ ಹೋಗೋ ಹೆಂಗಸಿಗೆ ಬಸ್ಸು ಕಾಯಕಕ್ಕೆ ಹೋಗೋ ದಾರಿ.

* * *

ಯೋಜನೆಯನ್ನು ಟೀಕೆ ಮಾಡಬಾರದು ಅಂತ ನಾನು ಹೇಳ್ತಿಲ್ಲ. ದಯವಿಟ್ಟು ತಪ್ಪು ತಿಳೀಬೇಡಿ.

ಬಸ್ಸು ಸಾಲದು ಅನ್ನೋದು ನಿಜ. ಟಿಕೇಟ್ ತಗೊಂಡ ಗಂಡಸರಲ್ಲಿ ಕೂಲಿ ಮಾಡೋರೇ ಹೆಚ್ಚು, ಅವರು ನಿಂತು ಬರ್ತಾರೆ ಅನ್ನೋದೂ ನಿಜ. 2025ರ ಜನವರಿ 5ರಿಂದ ಟಿಕೇಟ್ ದರ 15 ಪರ್ಸೆಂಟ್ ಏರಿತು, ಅದು ಬಿದ್ದದ್ದು ಅವರ ಮೇಲೆ. ಸರಕಾರ ನಿಗಮಗಳಿಗೆ ಕೊಡಬೇಕಾದ ಹಣ ಹೊತ್ತಿಗೆ ಸರಿಯಾಗಿ ಕೊಡಬೇಕು, ಹೊಸ ಬಸ್ ಬರಬೇಕು. ದುಡ್ಡಿರೋ ಹೆಂಗಸರಿಗೂ ಬೇಕಾ, ಬಡ ಗಂಡಸರಿಗೆ ಯಾಕಿಲ್ಲ ಅಂತ ಕೇಳಿ. ಇದೆಲ್ಲ ಲೆಕ್ಕದ ಮಾತು, ಲೆಕ್ಕ ಹಿಡಿದು ಜಗಳ ಆಡೋಣ. ಗಡಿ ದಾಟಿದರೆ ಉಮರ್ಗಾ. ಮಹಾರಾಷ್ಟ್ರದಲ್ಲಿ 2023ರ ಮಾರ್ಚಿನಿಂದ ಹೆಂಗಸರಿಗೆ ಅರ್ಧ ಟಿಕೇಟು. ಈ ಕಡೆ ಜಹೀರಾಬಾದಿಗೆ ಹೋದರೆ ತೆಲಂಗಾಣದಲ್ಲಿ 2023ರ ಡಿಸೆಂಬರ್ 9ರಿಂದ ಪೂರ್ತಿ ಮಾಫಿ. ಯಾವುದು ಸರಿ ಅಂತ ಹೋಲಿಸಿ ನೋಡಬಹುದು.

ಆದರೆ "ನಮ್ಮ ತೆರಿಗೆ ದುಡ್ಡು" ಅನ್ನೋ ಮಾತಿದೆಯಲ್ಲ, ಅಲ್ಲಿ 'ನಮ್ಮ' ಅಂದರೆ ಯಾರು? ಅವ್ವ ಸ್ನಾನದ ಸಾಬೂನು ತಗೊಂಡಾಗ ವರ್ಷಗಟ್ಟಲೆ 18 ಪರ್ಸೆಂಟ್ ಜಿಎಸ್‌ಟಿ ಕೊಟ್ಟಿದ್ದಾಳೆ. 2025ರ ಸೆಪ್ಟೆಂಬರ್ 22ಕ್ಕೆ ಅದು 5ಕ್ಕೆ ಇಳೀತು. ಅಂಗಡಿಯವನು "ಯವ್ವಾ, ನೀ ಫ್ರೀ ಬಸ್ಸಿನಾಗ ಬಂದಿ, ನೀ ತೆರಿಗೆ ಕೊಡೋಳಲ್ಲ" ಅಂತ ಬಿಟ್ಟಿಲ್ಲ. ಫಾರಂ 16 ಇದ್ದವರು ಮಾತ್ರ ತೆರಿಗೆ ಕಟ್ಟೋರು ಅನ್ನೋ ಭ್ರಮೆ ನಮ್ಮಂಥ ಸಂಬಳದವರದು.

ರಾಜಕಾರಣಿಗಳ ತಪ್ಪೂ ಇದೆ. ಕೊಡೋ ಪಕ್ಷದವರು ಅರ್ಧ ಪುಟದ ಫೋಟೋ ಹಾಕಿ ತಮ್ಮ ಜೇಬಿಂದ ಕೊಟ್ಟ ಹಾಗೆ 'ಉಚಿತ, ಉಚಿತ' ಅಂತ ಕೂಗಿದರು. ಬೇಡ ಅನ್ನೋ ಪಕ್ಷದವರು 2022ರಲ್ಲಿ 'ರೇವಡಿ' ಅಂದರು, ಆಮೇಲೆ ತಾವೂ ಬೇರೆ ಬೇರೆ ಹೆಸರಲ್ಲಿ ಹಂಚಿದರು. ಇಬ್ಬರ ಕೈಯಲ್ಲೂ ಅದು ಭಿಕ್ಷೆ ಆಯ್ತು. ತಮಿಳುನಾಡಿನಲ್ಲಿ 2021ರಲ್ಲಿ ಟೌನ್ ಬಸ್ಸಿನಲ್ಲಿ ಇದೇ ಕೆಲಸ ಮಾಡಿದ ಮೇಲೆ ಅದಕ್ಕೆ 'ವಿಡಿಯಲ್ ಪಯಣಂ' ಅಂತ ಹೆಸರು ಕೊಟ್ಟರು, ಬೆಳಗಿನ ಪಯಣ ಅಂತ. ನಮ್ಮದರ ಹೆಸರು 'ಶಕ್ತಿ'. ಒಳ್ಳೆಯ ಹೆಸರೇ. 2025ರ ಜುಲೈಗೆ 500 ಕೋಟಿ ಟಿಕೇಟು ದಾಟಿತು. ಆದರೆ ಬಸ್ ಸ್ಟ್ಯಾಂಡಿನಲ್ಲಿ ಯಾರ ಬಾಯಲ್ಲೂ ಶಕ್ತಿ ಇಲ್ಲ, ಫ್ರೀ ಬಸ್ಸೇ.

* * *

ಕೊನೆಗೆ ಇನ್ನೊಂದು ಮಾತು. ನಾನು ಅವ್ವನಿಗೆ, ಬುದ್ಧಿವಂತನ ಹಾಗೆ, "ಹೋಗಲಿ ಬಿಡವ್ವಾ, ನಾ ರೊಕ್ಕ ಕಳಸ್ತೀನಿ, ಟಿಕೇಟ್ ತಗೊಂಡೇ ಹೋಗು" ಅಂದೆ.

ಅವ್ವ ನಕ್ಕಳು. "ಮೊದಲು ನಿಮ್ಮಪ್ಪಗ ಕೇಳ್ತಿದ್ದೆ, ಬಸ್ಸಿಗಿ ರೊಕ್ಕ ಕೊಡು ಅಂತ. ಎಲ್ಲಿಗಿ, ಯಾಕ, ಮೊನ್ನೆರ ಹೋಗಿದ್ದಿಲ್ಲ ಅಂತಿದ್ದ. ಆಮ್ಯಾಲ ನಿನಗ ಕೇಳಬೇಕಾಯ್ತು. ನೀ ಬೈಯಲ್ಲ, ಖರೆ. ಆದರ ಕೇಳೋದು ಕೇಳೋದೇ ಅಲ್ಲೇನು? ಆ ಕಾರ್ಡ್ ಬಂದ ಮ್ಯಾಲ ನಾಕು ತಿಂಗಳ ಯಾರಿಗೂ ಕೇಳಲಾರದೆ ತಂಗಿ ಮನಿಗೆ ಹೋಗಿ ಬಂದೆ ನೋಡು, ಅದು ಛಲೋ ಇತ್ತು."

ಭಾರತ 1947ರ ಆಗಸ್ಟ್ 15ಕ್ಕೆ ಫ್ರೀ ಆಯ್ತು. ನಮ್ಮ ಬೀದರ, ಕಲಬುರಗಿ, ರಾಯಚೂರು ಆಗಲಿಲ್ಲ. 1948ರ ಮೇನಲ್ಲಿ ನಮ್ಮ ಕಡೆಯ ಗೋರ್ಟಾದಲ್ಲಿ ರಜಾಕಾರರು ಜನರನ್ನು ಕೊಂದರು. ಸೆಪ್ಟೆಂಬರ್ 17ಕ್ಕೆ ನಿಜಾಮ ಶರಣಾದ ಮೇಲೆ, ಹದಿಮೂರು ತಿಂಗಳು ತಡವಾಗಿ ನಾವು ಫ್ರೀ ಆದ್ವಿ. ಅದಕ್ಕೇ ನಮ್ಮ ಕಡೆ ಎರಡು ಸಲ ಧ್ವಜ ಏರುತ್ತೆ. ಫ್ರೀ ಅನ್ನೋ ಪದದ ದೊಡ್ಡ ಅರ್ಥಕ್ಕೆ ಇಷ್ಟು ಬೆಲೆ ಕೊಟ್ಟ ಊರಿನವರು ನಾವು. ಅವ್ವ ಹೇಳಿದ "ಯಾರಿಗೂ ಕೇಳಲಾರದೆ" ಇದೆಯಲ್ಲ, ಅದು ಆ ದೊಡ್ಡ ಫ್ರೀ. ಬಸ್ಸಿನಲ್ಲಿ ನಕ್ಕವರಿಗೆ ಕಂಡದ್ದು ಮಾತ್ರ ಸಣ್ಣ ಫ್ರೀ. ಸಣ್ಣದನ್ನು ಹಿಡಿದು ಆಡಿಕೊಂಡು ದೊಡ್ಡದನ್ನು ಕಿತ್ತುಕೊಂಡರು. ಅವ್ವ ಈಗ ಮತ್ತೆ ಲೆಕ್ಕ ಹಾಕಿ, ಎರಡು ಸಲ ಹೋಗೋ ಕಡೆ ಒಂದು ಸಲ ಹೋಗ್ತಾಳೆ.

ಹಾಗಾಗಿ ಗೆಳೆಯರೇ, ನನ್ನ ಬೇಡಿಕೆ ಬಹಳ ಸಣ್ಣದು. ಯೋಜನೆ ಬೇಕೋ ಬೇಡವೋ, ನಿಮಗೆ ಬಿಟ್ಟದ್ದು. ಮನುಷ್ಯರಿಗೆ ಫ್ರೀ ಅನ್ನಬೇಡಿ. ಬಿಟ್ಟಿ ಅಂತೂ ಬಾಯಿ ತಪ್ಪಿಯೂ ಬೇಡ, ಆ ಪದದ ಸಾಲ ನಮ್ಮ ಮೇಲೆಯೇ ಇದೆ. ಫ್ರೀ ಸೀಟಿನಲ್ಲಿ ಓದಿದವರು ನೀವಾಗಿದ್ದರೆ ಮನೆಯಲ್ಲಿ ಪೇಢೆ ಹಂಚಿದ ದಿನವನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ನಾನು ನನ್ನ ಹಳೇ ಫಾರ್ವರ್ಡುಗಳನ್ನು ಅಳಿಸಿದ್ದೀನಿ. ತಲುಪಿದವರಿಂದ ವಾಪಸು ತಗೊಳ್ಳೋಕೆ ಆಗಲ್ಲ, ಅದಕ್ಕೇ ಇದನ್ನು ಬರೆದೆ.

ಬೆಂಗಳೂರಿಗೆ ಹೊರಡೋ ದಿನ ಬಸವಕಲ್ಯಾಣದವರೆಗೂ ಅವ್ವ ಜೊತೆಗೆ ಬಂದಳು. ನಾನು ನನ್ನ ಟಿಕೇಟ್ ತಗೊಂಡೆ. ಕಂಡಕ್ಟರ್ ಅವ್ವನ ಕಡೆ ತಿರುಗಿ "ಕಾರ್ಡ್ ಅದ ಏನ್ ಯವ್ವಾ?" ಅಂದ. ಅವ್ವ ನನ್ನ ಮುಖ ನೋಡಿದಳು. ಆಮೇಲೆ ಚೀಲದ ತಳಕ್ಕೆ ಕೈ ಹಾಕಿ ಬಹಳ ಹೊತ್ತು ಹುಡುಕಿದಳು. ಸಿಕ್ಕಿತು.

ನೀವೇನಂತೀರಿ? ಬೈಯೋದಿದ್ದರೂ ಪರವಾಗಿಲ್ಲ, ಬರೆಯಿರಿ. ಅದು ಫ್ರೀ :)